ನಿಮ್ಮ ಹೆಸರಿನಲ್ಲಿ ಒಂದು ಜೊತೆ

ಮುಸ್ತಲೈಡ್ ದ್ವೀಪ
ಸೆಪ್ಟೆಂಬರ್ 14

ಪಿಲ್ವಿ,

ಹತ್ತು ತಿಂಗಳಿಂದ ಮಾತು ಬಿಟ್ಟ ಅತ್ತಿಗೆ ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ಲಕೋಟೆ ಒಡೆಯುವ ಮೊದಲೇ ಅಂದುಕೊಂಡಿರುತ್ತೀಯ. ಕೆಲಸವಿದೆ, ಅದಕ್ಕೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಅಣ್ಣ ತಂಗಿ ನಿಮ್ಮಿಬ್ಬರದೂ ಒಂದೇ ಧ್ವನಿ. ನೀನು ಆ ಕಡೆಯಿಂದ "ಹಲೋ ಅತ್ತಿಗೆ" ಎಂದರೆ ಅವನೇ ನಿನ್ನ ಹಾಗೆ ಅಣಕಿಸುತ್ತಿದ್ದಾನೆ ಅನ್ನಿಸುತ್ತದೆ. ಹಾಗಾಗಿ ಕಾಗದ.

ನಮ್ಮ ಹೆಣಿಗೆ ಮನೆಯಲ್ಲಿ ಈಗ ನಾಲ್ಕು ಜನ ಇದ್ದೇವೆ. ನಾನು, ಮಿಲ್ಡಾಜ್ಜಿ, ಕೆಳಕೇರಿಯ ಅಕ್ಕತಂಗಿಯರಿಬ್ಬರು. ಬೇಸಿಗೆಯಲ್ಲಿ ದೋಣಿ ತುಂಬ ಪ್ರವಾಸಿಗರು ಬರುತ್ತಾರೆ, ಕೈಗವಸು ಖರ್ಚಾಗುತ್ತದೆ. ಆಗಸ್ಟ್ ಮುಗಿಯಿತೋ, ದ್ವೀಪದಲ್ಲಿ ನಾವು ಮತ್ತು ಕುರಿಗಳು. ಕುರಿಗಳಿಗೆ ಕೈಗವಸು ಬೇಕಿಲ್ಲ. ನಮ್ಮ ಮನೆಯವನು ಒಂದು ವೆಬ್‌ಸೈಟು ಮಾಡಿಟ್ಟಿದ್ದನಲ್ಲ, ಅದು ಇನ್ನೂ ಇದೆ. ಹೋದ ತಿಂಗಳು ಅದಕ್ಕೆ ಮೂರು ಜನ ಬಂದಿದ್ದರು. ಅದರಲ್ಲಿ ಇಬ್ಬರು ನಾನೇ. ಜನರನ್ನು ಎಳೆದು ತರುವುದು ನಿನ್ನ ಕಸುಬು. ನಮಗೂ ಒಂದಷ್ಟು ಜನರನ್ನು ತಂದು ಕೊಡು. ಇಲ್ಲದಿದ್ದರೆ ಕ್ರಿಸ್‌ಮಸ್ ಹೊತ್ತಿಗೆ ಹೆಣಿಗೆ ಮನೆಗೆ ಬೀಗ ಹಾಕಬೇಕಾಗುತ್ತದೆ.

ಇನ್ನೊಂದು ಮಾತು. ನವೆಂಬರಿಗೆ ಅವನು ಬಲೆ ಎತ್ತಲು ಹೋಗಿ ವರ್ಷ ತುಂಬುತ್ತದೆ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಮೇ ತಿಂಗಳಲ್ಲಿ, ಮಂಜುಗಡ್ಡೆ ಕರಗಿದ ಮೇಲೆ, ಚರ್ಚಿನ ಹಿಂದೆ ಅವನ ಸಮಾಧಿಯ ಕಲ್ಲು ಇಡುತ್ತೇವೆ. ಬಾ. ಕಳೆದ ಸಲ ಪಾದ್ರಿಗಳು ಅವನಿಗಾಗಿ ಮೇಣದಬತ್ತಿ ಹಚ್ಚಿದಾಗ ನೀನು ಬರಲಿಲ್ಲ. "ಅಣ್ಣ ಸತ್ತಿಲ್ಲ, ನೀವೇ ಬೇಗ ಕೈ ತೊಳ್ಕೊಳ್ತಿದೀರ" ಎಂದು ಫೋನ್ ಇಟ್ಟೆ. ಆ ಮಾತು ನಾನು ಮರೆತಿಲ್ಲ, ಹಾಗೆಂದು ಸಿಟ್ಟೂ ಇಟ್ಟುಕೊಂಡಿಲ್ಲ. ಕಲ್ಲು ಇಟ್ಟ ಮೇಲೆ ಸೂತಕ ಕಳೆದು, ನನ್ನ ಕಪ್ಪು ಲಂಗಕ್ಕೆ ಒಂದು ಕೆಂಪು ಪಟ್ಟಿ ಹೊಲಿದುಕೊಳ್ಳಬಹುದು. ನನಗೆ ನಲವತ್ತಮೂರು ವರ್ಷ, ಪಿಲ್ವಿ. ಆ ಪಟ್ಟಿ ನನಗೆ ಬೇಕು.

ನಿನ್ನ ಅತ್ತಿಗೆ,
ಎಂಡ್ಲಾ


ತಾಲ್ಲಿನ್
ಸೆಪ್ಟೆಂಬರ್ 26

ಅತ್ತಿಗೆ,

ನಿಮ್ಮ ಕಾಗದ ನೋಡಿ ಮೆಟ್ಟಿಲ ಮೇಲೇ ಕೂತು ಓದಿದೆ. ಪೆನ್ನು ಹಿಡಿದು ಯಾವ ಕಾಲವಾಯಿತೋ, ಅಕ್ಷರ ಕೆಟ್ಟದಾಗಿದ್ದರೆ ನಗಬೇಡಿ.

ನಿಮ್ಮ ವೆಬ್‌ಸೈಟಿನ ಅಂಗಡಿ ಚೆನ್ನಾಗಿದೆ. ಆದರೆ ಅದು ಕಾಡಿನ ನಡುವೆ ಇದ್ದಂತಿದೆ. ದಾರಿಯಿಲ್ಲ, ಫಲಕವಿಲ್ಲ. ನನ್ನ ಕೆಲಸ ದಾರಿ ಕಡಿಯುವುದು. ಜನ ಹುಡುಕುವಾಗ "ಮುಸ್ತಲೈಡ್" ಎಂದು ಬರೆಯುವುದಿಲ್ಲ, ಆ ಹೆಸರೇ ಅವರಿಗೆ ಗೊತ್ತಿಲ್ಲ. "ಬೆಚ್ಚಗಿನ ಕೈಗವಸು", "ಅಪ್ಪನಿಗೆ ಉಡುಗೊರೆ" ಎಂದು ಬರೆಯುತ್ತಾರೆ. ಆ ಮಾತುಗಳನ್ನೆಲ್ಲ ನಿಮ್ಮ ಪುಟಗಳಲ್ಲಿ ಕೂರಿಸಿದ್ದೇನೆ. ಮಿಲ್ಡಾಜ್ಜಿಯ ಕೈಗಳ ಫೋಟೋ ಬೇಕು, ಮುಖ ಬೇಡ, ಸೂಜಿ ಹಿಡಿದ ಕೈ ಮಾತ್ರ. ಒಮ್ಮೆ ಇಣುಕಿ ಹೋದವರ ಹಿಂದೆ ಜಾಹೀರಾತು ಬಿಟ್ಟಿದ್ದೇನೆ. ಅವರು ಹವಾಮಾನ ನೋಡಲು ಹೋದರೂ ಅಲ್ಲಿ ನಮ್ಮ ಕೈಗವಸು, ಅಡುಗೆ ನೋಡಲು ಹೋದರೂ ಅಲ್ಲಿ ನಮ್ಮ ಕೈಗವಸು.

ಎಲ್ಲಕ್ಕಿಂತ ಒಳ್ಳೆಯದು ಹಳೆಯ ಗಿರಾಕಿಗಳ ಪಟ್ಟಿ. ತೈವೊ ಅಣ್ಣ ಅದನ್ನು ಜೋಪಾನವಾಗಿ ಇಟ್ಟಿದ್ದ, ಇನ್ನೂರ ಹನ್ನೆರಡು ಹೆಸರು. ಅವರಿಗೆ ಮೂರು ಇಮೇಲ್ ಹೋಗುವಂತೆ ಯಂತ್ರಕ್ಕೆ ಹೇಳಿದ್ದೇನೆ. ಮೊದಲನೆಯದು ಎಲ್ಲರಿಗೂ. ಅದನ್ನು ತೆರೆದು ಓದಿದವರಿಗೆ ಎರಡು ವಾರ ಬಿಟ್ಟು ಎರಡನೆಯದು. ಏನಾದರೂ ಆರಿಸಿ ಬುಟ್ಟಿಗೆ ಹಾಕಿ, ಕೊಳ್ಳದೆ ಹೋದವರಿಗೆ ಮೂರನೆಯದು. ಮಾತು ಹೀಗಿದೆ: "ಪ್ರಿಯ ಇಂಥವರೇ, ನಿಮ್ಮನ್ನು ನೋಡಿ ಬಹಳ ದಿನವಾಯಿತು. ದ್ವೀಪಕ್ಕೆ ಚಳಿ ಬಂದಿದೆ. ನಿಮ್ಮ ಹೆಸರಿನಲ್ಲಿ ಒಂದು ಜೊತೆ ತೆಗೆದಿಟ್ಟಿದ್ದೇವೆ. ಮರಳಿ ಬನ್ನಿ." ಇಂಥವರು ಎಂಬಲ್ಲಿ ಒಬ್ಬೊಬ್ಬರ ಹೆಸರೂ ತಾನಾಗಿ ಕೂರುತ್ತದೆ. ಹೆಸರು ಹಿಡಿದು ಕರೆದರೆ ಯಾರೂ ತಿರುಗಿ ನೋಡದೆ ಇರಲಾರರು, ನಮ್ಮ ಕಸುಬಿನ ಗುಟ್ಟೆಲ್ಲ ಇಷ್ಟೇ.

ಯಾರು ಬಂದರು, ಎಲ್ಲಿಂದ ಬಂದರು, ಎಷ್ಟು ಹೊತ್ತು ಇದ್ದರು ಎಂದು ನೋಡುವ ಪುಟದ ಗುಪ್ತಪದ ಹಿಂದುಗಡೆ ಬರೆದಿದ್ದೇನೆ. ದಿನಾ ನೋಡಿ, ಖುಷಿಯಾಗುತ್ತದೆ.

ಕಲ್ಲಿನ ವಿಷಯ ಈಗ ಬೇಡ.

ನಿಮ್ಮ
ಪಿಲ್ವಿ


ಮುಸ್ತಲೈಡ್
ಅಕ್ಟೋಬರ್ 21

ಪಿಲ್ವಿ,

ನೀನು ಮಾಟಗಾತಿ ಕಣೇ. ಮೂರು ವಾರದಲ್ಲಿ ಅರವತ್ತು ಜೊತೆಗೆ ಬೇಡಿಕೆ ಬಂದಿದೆ. ಅಕ್ಕತಂಗಿಯರು ಜಗಳವಾಡುವುದನ್ನೂ ಮರೆತು ಹೆಣೆಯುತ್ತಿದ್ದಾರೆ. ಮಿಲ್ಡಾಜ್ಜಿಯದು ಮಾತ್ರ ದಿನಾ ಒಂದೇ ರಾಗ.

"ಎಷ್ಟು ಜನ ಬಂದಿದ್ರೇ ಇವತ್ತು?"

"ನಲವತ್ತೊಂದು ಅಜ್ಜಿ."

"ನಲವತ್ತೊಂದು ಜನ! ಒಬ್ರೂ ಕಾಲು ಒರೆಸ್ಕೊಳ್ಳಿಲ್ಲ, ಒಬ್ರಿಗೂ ಒಂದು ಲೋಟ ಕಾಫಿ ಕೊಡ್ಲಿಲ್ಲ. ಇದೆಂಥಾ ನೆಂಟಸ್ತನಾನಪ್ಪ!"

ಅವಳ ಕೈಗಳ ಫೋಟೋ ಕಳಿಸಿದೆನಲ್ಲ, ಅದಕ್ಕೆ ಮೂರು ದಿನ ಕೈಗೆ ಬೆಣ್ಣೆ ಹಚ್ಚಿಕೊಂಡು ಕೂತಿದ್ದಳು.

ಒಂದು ವಿಷಯ ಕೇಳಬೇಕು. ನೀನು ಹೇಳಿದ ಪುಟವನ್ನು ಬೆಳಿಗ್ಗೆ ಒಲೆ ಹಚ್ಚಿದ ಮೇಲೆ ನೋಡುತ್ತೇನೆ. ಬಂದವರೆಲ್ಲ ಒಂದು ನಿಮಿಷ, ಎರಡು ನಿಮಿಷ ಇದ್ದು ಹೋಗುತ್ತಾರೆ. ಒಬ್ಬರು ಮಾತ್ರ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಬಂದು ನಾಲ್ಕು ಗಂಟೆ ಹೊತ್ತು ಇರುತ್ತಾರೆ. ನೋಡುವುದು ಒಂದೇ ಪುಟ, ಗಂಡಸರ ದಪ್ಪ ಕೈಗವಸು, ಒಂಬತ್ತನೇ ಅಳತೆ. ಬಂದವರ ಜಾಗ ತೋರಿಸುವ ನಕ್ಷೆಯಲ್ಲಿ ಅವರ ಚುಕ್ಕೆ ನಮ್ಮ ದ್ವೀಪದ ಪಶ್ಚಿಮಕ್ಕೆ, ನೀರಿನಲ್ಲಿದೆ. ಅಲ್ಲಿ ಒಂದು ಬಂಡೆಯೂ ಇಲ್ಲ. ಹಡಗೇನಾದರೂ ಲಂಗರು ಹಾಕಿದೆಯೇ ಎಂದು ಎದ್ದು ಹೋಗಿ ಕಿಟಕಿಯಲ್ಲಿ ನೋಡಿದೆ. ಬರೀ ನೀರು.

ನಿನ್ನ ಇಮೇಲನ್ನು ಮಿಲ್ಡಾಜ್ಜಿಗೆ ಓದಿ ಹೇಳಿದೆ, ನಗುತ್ತಾಳೆ ಅಂದುಕೊಂಡು. ಅವಳ ಸೂಜಿ ನಿಂತಿತು.

"ಇದನ್ನ ಯಾರ್ಯಾರಿಗೆ ಕಳಿಸಿದಾಳೆ ಅವ್ಳು?"

"ಹಳೇ ಗಿರಾಕಿಗಳಿಗೆ."

"ಎಲ್ರೂ ಬದುಕಿದಾರಾ ಅಂತ ವಿಚಾರಿಸಿದಾಳಾ?"

"ಅಜ್ಜೀ, ಇನ್ನೂರು ಜನ. ಅದೆಲ್ಲಾ ಆಗೋ ಮಾತಾ?"

"ಹೆಸರು ಹಿಡಿದು ಕರೆಯೋಕೆ ಮುಂಚೆ ವಿಚಾರಿಸ್ಬೇಕು ಕಣೇ" ಎಂದು ಸೂಜಿಗಳನ್ನು ಸುತ್ತಿಟ್ಟು ಎದ್ದು ಹೋದಳು.

ಆ ಚುಕ್ಕೆ ಯಾರದು ಎಂದು ಬರೆ.

ಎಂಡ್ಲಾ


ತಾಲ್ಲಿನ್
ನವೆಂಬರ್ 3

ಅತ್ತಿಗೆ,

ಚುಕ್ಕೆಗೆ ಹೆದರಬೇಡಿ. ನಮ್ಮ ಕಚೇರಿಯ ರೈಗೊನನ್ನು ಕೇಳಿದೆ, ಇಂಥದ್ದರಲ್ಲಿ ಅವನು ಪಂಡಿತ. "ಯಂತ್ರಕ್ಕೆ ಜಾಗ ಗೊತ್ತಾಗ್ಲಿಲ್ಲ ಅಂದ್ರೆ ಎಲ್ಲೋ ಒಂದು ಕಡೆ ಚುಕ್ಕೆ ಇಟ್ಟು ಕೈ ತೊಳ್ಕೊಳುತ್ತೆ. ಹೋದ ವರ್ಷ ನನ್ನ ಗಿರಾಕಿಗಳು ಅರ್ಧಕ್ಕರ್ಧ ಒಂದು ಸರೋವರದ ಮಧ್ಯೆ ವಾಸ ಮಾಡ್ತಿದ್ರು" ಎಂದು ನಕ್ಕ. ನಾಲ್ಕು ಗಂಟೆ ಎಂದರೆ ಯಾರೋ ಪುಟ ತೆರೆದಿಟ್ಟು ಮರೆತು ಹೋಗಿರುತ್ತಾರೆ. ಅಷ್ಟೇ.

ಇಷ್ಟು ನಿನ್ನೆ ಬರೆದದ್ದು. ಅಂಚೆಗೆ ಹಾಕುವ ಮೊದಲು ಸುಮ್ಮನೆ ಇರಲಿ ಎಂದು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ಮೊದಲೇ ಓದಬೇಕಿತ್ತು. ನಮ್ಮ ಕಸುಬಿನಲ್ಲಿ ಅದೇ ಮೊದಲ ಪಾಠ, ಪಟ್ಟಿಯನ್ನು ಸೋಸಿ ಆಮೇಲೆ ಕಳಿಸು ಎಂದು. ನಾನು ಅವಸರದಲ್ಲಿ ಬಿಟ್ಟೆ.

ಮೊದಲನೆಯ ಹೆಸರೇ ತೈವೊ ಅಣ್ಣನದು. ವೆಬ್‌ಸೈಟು ಮಾಡಿದಾಗ ಸರಿಯಾಗಿದೆಯೇ ಎಂದು ನೋಡಲು ತಾನೇ ಒಂದು ಜೊತೆ ತರಿಸಿಕೊಂಡಿದ್ದ. ಒಂಬತ್ತನೇ ಅಳತೆ. ಅಕ್ಟೋಬರ್ ಒಂದಕ್ಕೆ ಅವನಿಗೂ ಮೊದಲನೆಯ ಇಮೇಲ್ ಹೋಗಿದೆ. ಹದಿನೈದಕ್ಕೆ ಎರಡನೆಯದು.

ಎರಡನೆಯದು ಹೋಗುವುದು ಮೊದಲನೆಯದನ್ನು ತೆರೆದವರಿಗೆ ಮಾತ್ರ, ಅತ್ತಿಗೆ.

ಕ್ಷಮಿಸಿ. ಅವನ ಹೆಸರನ್ನು ತೆಗೆದುಹಾಕುತ್ತೇನೆ.

ಪಿಲ್ವಿ


ಮುಸ್ತಲೈಡ್
ನವೆಂಬರ್ 14

ಪಿಲ್ವಿ,

ತೆಗೆದುಹಾಕಿದೆಯಾ? ಮೊದಲು ಅದನ್ನು ಬರೆ.

ನೀನು ಹದಿನಾರಕ್ಕೆ ದ್ವೀಪ ಬಿಟ್ಟವಳು, ಮರೆತಿದ್ದೀಯ. ಇಲ್ಲಿ ದಡದಲ್ಲಿ ನಿಂತು ಯಾರೂ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ. ಮಕ್ಕಳು ಊಟಕ್ಕೆ ಬರಬೇಕೆಂದರೆ ಬಾಣಲೆಗೆ ಸೌಟಿನಿಂದ ಬಡಿಯುತ್ತೇವೆ. ನೀನೂ ಆ ಸದ್ದಿಗೇ ಓಡಿ ಬಂದು ಬೆಳೆದವಳು. ಯಾಕೆ ಹಾಗೆ ಎಂದು ಕೇಳಿದ್ದೀಯಾ? ದಡದಲ್ಲಿ ಕೂಗಿದ ಹೆಸರು ಕಡಲಿಗೂ ಕೇಳಿಸುತ್ತದೆ. ಕಡಲಿಗೆ ಹೋದವನ ದೇಹ ಸಿಗದಿದ್ದರೆ ಕಲ್ಲು ಇಡುವವರೆಗೆ ಅವನ ಹೆಸರನ್ನೂ ಎತ್ತುವುದಿಲ್ಲ. ಈ ಒಂದು ವರ್ಷದಲ್ಲಿ ನನ್ನ ಬಾಯಲ್ಲಿ ಆ ಹೆಸರು ಬಂದಿಲ್ಲ, ಈ ಕಾಗದಗಳಲ್ಲೂ ಬಂದಿಲ್ಲ, ಗಮನಿಸಿದ್ದರೆ. ಕಲ್ಲು ಇಟ್ಟರೆ ಅವನು ಚರ್ಚಿಗೆ ಸೇರಿದವನು. ಅಲ್ಲಿಯವರೆಗೆ ಯಾರಿಗೂ ಸೇರಿದವನಲ್ಲ, ಕರೆದವರಿಗೆ ಸೇರುತ್ತಾನೆ.

ನಿನ್ನ ಕಾಗದವನ್ನು, ಅವನ ಹೆಸರು ಬಿಟ್ಟು, ಮಿಲ್ಡಾಜ್ಜಿಗೆ ಓದಿದೆ. ಅವಳು ಬೈಯಲಿಲ್ಲ. ಅವಳು ಬೈಯದಿದ್ದರೆ ನನಗೆ ಭಯ.

"ಎರಡು ಸಲ ಆಯ್ತು ಅನ್ನು" ಎಂದಳು.

"ಆಯ್ತು."

"ಮೊದಲ್ನೇ ಸಲ ಕೇಳಿಸ್ಕೊಳ್ತಾನೆ. ಎರಡ್ನೇ ಸಲ ಯಾವ ಕಡೆಯಿಂದ ಅಂತ ತಿಳ್ಕೊಂಡು ಹತ್ರ ಸರೀತಾನೆ. ಮೂರನೇ ಸಲ ಎದ್ದು ದಡ ಹತ್ತಿ ಬರ್ತಾನೆ. ಆ ಹುಡ್ಗೀಗೆ ಹೇಳು, ಬಾಯಿ ಮುಚ್ಕೊಂಡಿರು ಅಂತ."

"ಅದು ಯಂತ್ರ ಕರೆದಿದ್ದು ಅಜ್ಜಿ."

"ಯಂತ್ರಕ್ಕೆ ಬಾಯಿ ಕೊಟ್ಟೋರು ಯಾರು?"

ಇದನ್ನೆಲ್ಲ ನಾನು ನಂಬುತ್ತೇನೋ ಇಲ್ಲವೋ ಎಂದು ನೀನು ಕೇಳಬಹುದು. ಹೋದ ತಿಂಗಳು ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ. ಹೆಣಿಗೆ ಮನೆಯ ಗೋಡೆಯಲ್ಲಿ ಮಾದರಿಗೆಂದು ಒಂದೊಂದು ಅಳತೆಯದೂ ಒಂದೊಂದು ಜೊತೆ ಮೊಳೆಗೆ ತೂಗುಹಾಕಿದ್ದೇವೆ. ಒಂಬತ್ತನೆಯದು ಎರಡು ವಾರದಿಂದ ಬೆಳಿಗ್ಗೆ ಬಂದು ನೋಡಿದರೆ ಒದ್ದೆ. ಪಕ್ಕದ ಎಂಟು, ಹತ್ತು ಎಲ್ಲ ಒಣಗಿವೆ. ಸೂರು ಸೋರುತ್ತಿಲ್ಲ, ನಾನೇ ಏಣಿ ಹತ್ತಿ ನೋಡಿದೆ. ಹೊರಗೆ ಮುಟ್ಟಿದರೆ ಉಣ್ಣೆ ಒಣಗಿದಂತಿದೆ. ಒಳಗೆ ಕೈ ತೂರಿಸಿದರೆ ಒದ್ದೆ, ಬೆರಳು ನೆಕ್ಕಿ ನೋಡಿದೆ, ಉಪ್ಪು.

ನಿನ್ನೆಗೆ ವರ್ಷ ತುಂಬಿತು. ಮೀನಿನ ಸಾರು ಮಾಡಿದ್ದೆ, ಒಬ್ಬಳಿಗೆ. ಕುದಿಯುವಾಗ ಎರಡು ತಟ್ಟೆ ತೆಗೆದಿಟ್ಟಿದ್ದೇನೆ ಎಂದು ಗೊತ್ತಾಗಿ ಒಂದನ್ನು ಒಳಗಿಟ್ಟೆ. ಅಭ್ಯಾಸ ಹೋಗಲು ಇನ್ನೂ ಕಾಲ ಬೇಕು. ಆದರೆ ಹೋಗುತ್ತಿದೆ. ಅದನ್ನು ಕೆಡಿಸಬೇಡ.

ಎಂಡ್ಲಾ


ತಾಲ್ಲಿನ್
ಡಿಸೆಂಬರ್ 10

ಅತ್ತಿಗೆ,

ತೆಗೆದುಹಾಕಿಲ್ಲ.

ಸುಳ್ಳು ಹೇಳಿ ಕಾಗದ ಕಳಿಸೋಣ ಎಂದು ನಾಲ್ಕು ದಿನ ಪ್ರಯತ್ನಪಟ್ಟೆ, ಆಗಲಿಲ್ಲ. ಹೆಸರಿನ ಮುಂದೆ "ಅಳಿಸು" ಎಂಬ ಗುಂಡಿ ಇದೆ. ಒತ್ತಿದರೆ "ನಿಜವಾಗಿಯೂ ಅಳಿಸಬೇಕೇ?" ಎಂದು ಕೇಳುತ್ತದೆ. ಎಲ್ಲರ ಹೆಸರಿಗೂ ಹಾಗೇ ಕೇಳುತ್ತದೆ, ನನಗೆ ಗೊತ್ತು. ಆದರೆ ಅವನ ಹೆಸರಿಗೆ ಹೌದು ಅನ್ನಲು ಕೈ ಏಳಲಿಲ್ಲ.

ನಾನು ಯೋಚಿಸುತ್ತಿರುವುದನ್ನು ಹೇಳುತ್ತೇನೆ, ಸಿಟ್ಟಾಗಬೇಡಿ. ಹೋಗುವಾಗ ಫೋನು ಅವನ ಜೇಬಿನಲ್ಲಿತ್ತು. ಆ ಇಮೇಲುಗಳನ್ನು ಯಾರೋ ಹನ್ನೊಂದು ಸಲ ತೆರೆದಿದ್ದಾರೆ. ಯಾವುದೋ ಹಡಗಿನವರು ಅವನನ್ನು ಎತ್ತಿಕೊಂಡಿದ್ದರೆ? ತಲೆಗೆ ಪೆಟ್ಟು ಬಿದ್ದು ತಾನು ಯಾರೆಂದು ಮರೆತು ಎಲ್ಲೋ ಇದ್ದು, ಈ ಕೈಗವಸುಗಳನ್ನು ಎಲ್ಲಿ ನೋಡಿದ್ದೆ ಎಂದು ದಿನಾ ನಾಲ್ಕು ಗಂಟೆ ಕೂತು ನೆನೆಸಿಕೊಳ್ಳುತ್ತಿದ್ದರೆ? ನಗಬೇಡಿ. ರೈಗೊ ನಕ್ಕ. "ಪಿಲ್ವಿ, ಇಷ್ಟು ನಿಯತ್ತಿನ ಗಿರಾಕಿ ನಂಗೊಬ್ಬ ಸಿಕ್ಕಿದ್ರೆ ನಾನು ಕೆಲಸ ಬಿಟ್ಟು ಅಂಗಡಿ ಇಡ್ತಿದ್ದೆ" ಎಂದ. ಆಮೇಲೆ ನಕ್ಷೆ ತೋರಿಸಿದೆ. ನೀವೂ ಈಗ ನೋಡುತ್ತಿರಬೇಕು. ಎರಡನೆಯ ಇಮೇಲ್ ಹೋದಾಗಿನಿಂದ ಚುಕ್ಕೆ ಒಂದೇ ಕಡೆ ಇಲ್ಲ. ದಿನಕ್ಕೆ ಇಷ್ಟಿಷ್ಟೇ ಪೂರ್ವಕ್ಕೆ, ದ್ವೀಪದ ಕಡೆಗೆ ಸರಿಯುತ್ತಿದೆ. ರೈಗೊ ಬಹಳ ಹೊತ್ತು ಅದನ್ನು ನೋಡಿ, ತನಗೆ ಬೇರೆ ಕೆಲಸವಿದೆ ಎಂದು ಎದ್ದು ಹೋದ. ಅವತ್ತಿನಿಂದ ನನ್ನ ಮೇಜಿನ ಹತ್ತಿರ ಬರುವುದಿಲ್ಲ.

ನಿಮಗೆ ಹೇಳದ ಒಂದು ಮಾತಿದೆ. ಹೋಗುವ ಹಿಂದಿನ ದಿನ ಅಣ್ಣ ನನಗೆ ಫೋನ್ ಮಾಡಿದ್ದ. ನಾನು ಸಭೆಯಲ್ಲಿದ್ದೆ. "ಅಣ್ಣಾ, ಆಮೇಲೆ ನಾನೇ ಮಾಡ್ತೀನಿ" ಎಂದು ಇಟ್ಟೆ. ಮಾಡಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವನು ಅವನು. ಅವನು ಏನು ಹೇಳಬೇಕೆಂದಿದ್ದ ಎಂದು ಕೇಳಬೇಕು, ಅಷ್ಟೇ ನನಗೆ ಬೇಕಾಗಿರುವುದು.

ಮೊನ್ನೆ ಅವನು ಒಂಬತ್ತನೇ ಅಳತೆಯ ಜೊತೆಯನ್ನು ಬುಟ್ಟಿಗೆ ಹಾಕಿ, ಕೊಳ್ಳದೆ ಬಿಟ್ಟಿದ್ದಾನೆ. ಯಂತ್ರ ಮೂರನೆಯದನ್ನು ಕಳಿಸಲು ಸಿದ್ಧವಾಗಿ ನಿಂತಿದೆ. ನಾನು ತಡೆದಿಟ್ಟಿದ್ದೇನೆ. ಸದ್ಯಕ್ಕೆ.

ಪಿಲ್ವಿ


ಮುಸ್ತಲೈಡ್
ಡಿಸೆಂಬರ್ 28

ಪಿಲ್ವಿ,

ಹಬ್ಬ ಮುಗಿಯಿತು. ಬೇಡಿಕೆಗಳನ್ನೆಲ್ಲ ಪೂರೈಸಿದೆವು, ಹೆಣಿಗೆ ಮನೆ ಉಳಿಯಿತು. ಅದು ನಿನ್ನಿಂದ. ಅದಕ್ಕೆ ನಾನು ಎಷ್ಟು ಕೃತಜ್ಞಳೋ, ಈಗ ಬರೆಯುವುದನ್ನು ಅಷ್ಟೇ ಮನಸ್ಸಿಟ್ಟು ಬರೆಯುತ್ತಿದ್ದೇನೆ.

ನಿನ್ನ ಅಣ್ಣ ಯಾವ ಹಡಗಿನಲ್ಲೂ ಇಲ್ಲ. ದೋಣಿ ಸಿಕ್ಕಾಗ ಅದರ ಅಂಚಿನಲ್ಲಿ ಅವನ ಉಗುರು ಗೀರಿದ ಗುರುತಿತ್ತು. ಎರಡು ಕೈಯದೂ, ಹತ್ತು ಗೀರು. ಇದನ್ನು ಪಾದ್ರಿಗಳಿಗೂ ಹೇಳಿಲ್ಲ. ಒಬ್ಬಳೇ ಒಂದು ಮಧ್ಯಾಹ್ನ ಕೂತು ಮರಳುಕಾಗದದಿಂದ ಉಜ್ಜಿ ತೆಗೆದೆ. ಅವನು ಹೇಗೆ ಹೋದ ಎಂದು ನನ್ನ ಕೈಗೆ ಗೊತ್ತಿದೆ. ನಿನಗೆ ನೋವಾಗದಿರಲಿ ಎಂದು ಇಷ್ಟು ದಿನ ಮುಚ್ಚಿಟ್ಟೆ, ಅದೇ ತಪ್ಪಾಯಿತು.

ನೀನು ಕಳೆದುಕೊಂಡದ್ದು ಒಂದು ಫೋನಿನ ಮಾತು. ನಾನು ಕಳೆದುಕೊಂಡದ್ದು ಎಷ್ಟೆಂದು ಲೆಕ್ಕ ಹಾಕಲು ಹೋಗುವುದಿಲ್ಲ. ಆದರೆ ಅವನು ಬರುವುದು ನನಗೆ ಬೇಡ. ಇನ್ನೊಮ್ಮೆ ಬರೆಯುತ್ತೇನೆ. ಬೇಡ. ಹದಿನೆಂಟು ವರ್ಷ ಅವನ ಜೊತೆ ಬಾಳಿದೆ, ಅವನು ಬದುಕಿದ್ದಾಗ. ಈಗ ಏನು ಬರುತ್ತದೋ ಅದರ ಜೊತೆ ಬಾಳಲಾರೆ. ನನಗೆ ವಿಧವೆಯಾಗಲು ಬಿಡು, ಪಿಲ್ವಿ. ಜಗತ್ತಿನಲ್ಲಿ ಯಾವ ಹೆಂಗಸೂ ಇದನ್ನು ಬೇಡಿಕೊಂಡಿರಲಾರಳು. ನಾನು ಬೇಡಿಕೊಳ್ಳುತ್ತಿದ್ದೇನೆ.

ಕೊನೆಯ ಸಲ ನೋಡಿದಾಗ ಚುಕ್ಕೆ ದ್ವೀಪದ ಪಶ್ಚಿಮ ತುದಿಯ ದೀಪಸ್ತಂಭದ ಹತ್ತಿರ ಬಂದಿತ್ತು. ನಾನು ಆ ಪುಟ ನೋಡುವುದನ್ನು ಬಿಟ್ಟಿದ್ದೇನೆ. ಆದರೂ ಗೊತ್ತಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಕುರಿಗಳು ಮೇಯುವುದನ್ನು ಬಿಟ್ಟು ಎಲ್ಲವೂ ಒಂದೇ ಕಡೆ ತಲೆ ತಿರುಗಿಸಿ ನಿಲ್ಲುತ್ತವೆ.

ಅಳಿಸು.

ಎಂಡ್ಲಾ


ತಾಲ್ಲಿನ್
ಜನವರಿ 30

ಅತ್ತಿಗೆ,

ಒಂದು ತಿಂಗಳು ನಿಮಗೆ ಬರೆಯದೆ ಕೂತೆ. ಹತ್ತು ಗೀರು ಎಂದು ಓದಿದ ಮೇಲೆ ಅಳಿಸಬೇಕಿತ್ತು. ಬುದ್ಧಿ ಇರುವವರು ಅಳಿಸುತ್ತಿದ್ದರು. ನನಗೆ ಆದದ್ದು ಬೇರೆ. ಅವನು ಅಷ್ಟು ಹೊತ್ತು ಹಿಡಿದುಕೊಂಡಿದ್ದಾಗ ಯಾರನ್ನೋ ಕೂಗಿರಬೇಕು, ಯಾರೂ ಓಗೊಡಲಿಲ್ಲ ಎಂಬುದೊಂದೇ ತಲೆಯಲ್ಲಿ ಕೊರೆಯಿತು.

ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೂರನೆಯದನ್ನು ಕಳಿಸಿದೆ. ಯಂತ್ರ ಕಳಿಸಿದ್ದಲ್ಲ, ನಾನು. "ಪ್ರಿಯ ತೈವೊ" ಎಂದಿದ್ದುದನ್ನು ಅಳಿಸಿ "ಅಣ್ಣಾ" ಎಂದು ಬರೆದೆ. ಉಳಿದ ಮಾತನ್ನು ಹಾಗೇ ಬಿಟ್ಟೆ. ಮರಳಿ ಬನ್ನಿ ಎಂಬುದನ್ನು ಮಾತ್ರ ಮರಳಿ ಬಾ ಎಂದು ಮಾಡಿದೆ.

ತಟ್ಟೆ ತೊಳೆದು ಬರುವಷ್ಟರಲ್ಲಿ ಉತ್ತರ ಬಂದಿತ್ತು. ಉತ್ತರವೆಂದರೆ, ಬೇಡಿಕೆ. ಬುಟ್ಟಿಯಲ್ಲಿದ್ದುದನ್ನು ಕೊಂಡಿದ್ದಾನೆ. ಗಂಡಸರ ದಪ್ಪ ಕೈಗವಸು, ಒಂಬತ್ತನೇ ಅಳತೆ, ಒಂದು ಜೊತೆ. ವಿಳಾಸದ ಜಾಗ ಖಾಲಿ. ತಲುಪಿಸುವ ಬಗೆ ಎಂಬಲ್ಲಿ ನಾವು ಮೂರು ಆಯ್ಕೆ ಕೊಟ್ಟಿದ್ದೇವೆ. ಅಂಚೆಯಲ್ಲಿ ಬರಲಿ, ಬಸ್ ನಿಲ್ದಾಣದ ಪೆಟ್ಟಿಗೆಗೆ ಬರಲಿ, ಖುದ್ದಾಗಿ ಬಂದು ಒಯ್ಯುತ್ತೇನೆ. ಅವನು ಕೊನೆಯದನ್ನು ಆರಿಸಿದ್ದಾನೆ.

ಆ ಕ್ಷಣ ನಾನು ಸಂತೋಷದಿಂದ ಅತ್ತೆ. ನಿಮ್ಮಲ್ಲಿಗೆ ಹೊರಡಬೇಕೆಂದು ಚೀಲ ತುಂಬಿದೆ. ಸಂಜೆಯ ಹೊತ್ತಿಗೆ ಭಯ ಹತ್ತಿತು, ತುಂಬಿದ್ದನ್ನು ಒಂದೊಂದಾಗಿ ತೆಗೆದು ಬೀರುವಿನಲ್ಲಿಟ್ಟೆ. ನನಗೆ ಅವನು ಬೇಕು, ಆದರೆ ಬಾಗಿಲಲ್ಲಿ ನಿಂತು ಎದುರುಗೊಳ್ಳುವ ಧೈರ್ಯವಿಲ್ಲ. ಅದನ್ನು ನಿಮ್ಮ ತಲೆಗೆ ಕಟ್ಟಿದೆ. ನನ್ನನ್ನು ಏನು ಬೇಕಾದರೂ ಅನ್ನಿ.

ಪಿಲ್ವಿ


ಮುಸ್ತಲೈಡ್
ಫೆಬ್ರವರಿ 17

ಪಿಲ್ವಿ,

ಬಂದಿದ್ದ.

ಇವತ್ತು ಬೆಳಿಗ್ಗೆ ಹತ್ತು ಗಂಟೆ. ಕಡಲು ಎರಡು ವಾರದಿಂದ ಹೆಪ್ಪುಗಟ್ಟಿದೆ, ಪೂರ್ವಕ್ಕೆ ಆಚೆ ದಡದ ಊರುಗಳ ಕಡೆ ಮಂಜುಗಡ್ಡೆಯ ಮೇಲೆ ಗಾಡಿಗಳು ಓಡಾಡುತ್ತಿವೆ. ಕಣ್ಣು ಕೋರೈಸುವ ಬಿಸಿಲು. ಹೆಣಿಗೆ ಮನೆಯಲ್ಲಿ ನಾವು ನಾಲ್ವರೂ ಇದ್ದೆವು, ಕಾಫಿ ಕುದಿಯುತ್ತಿತ್ತು. ಅಕ್ಕತಂಗಿಯರಲ್ಲಿ ಚಿಕ್ಕವಳು ಕಿಟಕಿಯ ಹತ್ತಿರ ಕೂತಿದ್ದಳು.

"ಯಾರೋ ಬರ್ತಿದಾರೆ" ಎಂದಳು.

"ಅಂಚೆಯವನಿರ್ಬೇಕು" ಎಂದೆ.

"ಅಲ್ಲ ಅಕ್ಕ. ಆ ಕಡೆಯಿಂದ."

ಅವಳು ತೋರಿಸಿದ್ದು ಪಶ್ಚಿಮ. ಆ ಕಡೆ ಮಂಜುಗಡ್ಡೆ ಒಂದು ಮೈಲಿ ಇದ್ದು ಆಮೇಲೆ ಬರೀ ನೀರು. ಅಲ್ಲಿಂದ ಯಾರೂ ನಡೆದು ಬರುವುದಿಲ್ಲ. ಮಿಲ್ಡಾಜ್ಜಿ ಹೆಣಿಗೆಯನ್ನು ಮಡಿಲಲ್ಲಿಟ್ಟು, "ಯಾರೂ ಬಾಯಿ ಬಿಡ್ಬೇಡಿ. ಬಾ ಅನ್ಬೇಡಿ, ಕೂತ್ಕೋ ಅನ್ಬೇಡಿ. ಹೆಸರಂತೂ ಬೇಡ್ವೇ ಬೇಡ" ಎಂದಳು.

ಅವನು ಅವಸರವಿಲ್ಲದೆ ಬಂದು ಹೊಸ್ತಿಲ ಹೊರಗೆ ನಿಂತ. ಭಯಂಕರವಾಗೇನೂ ಇರಲಿಲ್ಲ. ಹಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬಟ್ಟೆ ಒಣಗಿತ್ತು, ಗಡ್ಡ ಹೋದ ದಿನ ಎಷ್ಟಿತ್ತೋ ಅಷ್ಟೇ. ಹೋಗುವ ಮುಂಚೆ ಅವನ ಹೆಬ್ಬೆರಳಿಗೆ ಮೀನಿನ ಚಾಕು ತಾಗಿತ್ತು, ನಾನೇ ಪಟ್ಟಿ ಅಂಟಿಸಿದ್ದೆ. ಆ ಪಟ್ಟಿ ಹಾಗೇ ಇತ್ತು, ಅಂಚು ಕೂಡ ಎದ್ದಿರಲಿಲ್ಲ. ಅವನು ನಿಂತಲ್ಲಿ ಮಾತ್ರ ಹೊಸ್ತಿಲ ಮೇಲೆ ನೀರು ಕೂಡುತ್ತಿತ್ತು.

"ನನ್ನ ಹೆಸರಲ್ಲಿ ಒಂದು ಜೊತೆ ತೆಗೆದಿಟ್ಟಿದೀವಿ ಅಂದ್ರಂತೆ" ಎಂದ. ನಿನ್ನ ಧ್ವನಿ, ಪಿಲ್ವಿ. ಅದೇ ಧ್ವನಿ.

ನಾನು ಗೋಡೆಯಿಂದ ಒಂಬತ್ತನೆಯದನ್ನು ತೆಗೆದು, ಎಲ್ಲ ಗಿರಾಕಿಗಳಿಗೆ ಮಾಡುವಂತೆ ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟೆ. ತೆಗೆದುಕೊಂಡ. ಹೋಗಲಿಲ್ಲ.

"ನೀನಾ ಕರೆದಿದ್ದು, ಎಂಡ್ಲಾ?"

"ಅಲ್ಲ. ನಾನು ಕರೀಲಿಲ್ಲ" ಎಂದೆ.

ಅವನಿಗೆ ಬೇಸರವಾಯಿತೋ, ಹಗುರವಾಯಿತೋ, ನನಗೆ ತಿಳಿಯಲಿಲ್ಲ. ಹದಿನೆಂಟು ವರ್ಷ ಓದಿದ ಮುಖ, ಇವತ್ತು ಓದಲಾಗಲಿಲ್ಲ. ಸ್ವಲ್ಪ ಹೊತ್ತು ಒಲೆಯ ಕಡೆ ನೋಡಿದ.

"ಹಂಗಾದ್ರೆ ಯಾರು? ಮೂರು ಸಲ ಕರೆದ್ರು."

ನಾನು ಸುಮ್ಮನಿದ್ದಿದ್ದರೆ ಅವನು ಅಲ್ಲೇ ನಿಂತಿರುತ್ತಿದ್ದ. ಇವತ್ತು, ನಾಳೆ, ಕಲ್ಲು ಇಡುವ ದಿನವೂ. ಕರೆದವರು ಸಿಗುವವರೆಗೆ ಕಡಲಿಂದ ಬಂದವರು ಹೋಗುವುದಿಲ್ಲವೆಂದು ಮಿಲ್ಡಾಜ್ಜಿ ಆಮೇಲೆ ಹೇಳಿದಳು. ಆದರೆ ಅವಳು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು, ಗೊತ್ತಿದ್ದೇ ಬಾಯಿ ಬಿಟ್ಟೆ. ಇದನ್ನು ನಿನಗೆ ಮುಚ್ಚಿಡುವುದಿಲ್ಲ.

"ಪಿಲ್ವಿ" ಎಂದೆ.

"ಎಲ್ಲಿದಾಳೆ ಈಗ?"

ಹೇಳಿದೆ. ಬೀದಿ, ಮನೆ ಸಂಖ್ಯೆ, ಮೂರನೇ ಮಹಡಿ, ಎಡಗಡೆ ಬಾಗಿಲು. ಅವನಿಗೆ ನೆನಪು ನಿಲ್ಲುವಂತೆ ಕಾಣಲಿಲ್ಲ, ಎರಡು ಸಲ ತಪ್ಪು ಹೇಳಿದ. ಆಗ ನಾನು ಪೊಟ್ಟಣಗಳಿಗೆ ಅಂಟಿಸುವ ವಿಳಾಸದ ಚೀಟಿ ತೆಗೆದು ನಿನ್ನ ಹೆಸರು, ವಿಳಾಸ ಎಲ್ಲ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಅದನ್ನು ಬಹಳ ಹೊತ್ತು ನೋಡಿ, ಮಡಿಸಿ, ಪೊಟ್ಟಣದೊಳಕ್ಕೆ ತೂರಿಸಿದ. "ಅವ್ಳು ಆಮೇಲೆ ಮಾಡ್ತೀನಿ ಅಂದಿದ್ಲು. ಮಾಡಿದ್ಲು ನೋಡು" ಎಂದ. ಹಾಗೆ ಹೇಳುವಾಗ ನಕ್ಕ ಅನ್ನಿಸಿತು. ಮನೆಯನ್ನು ಸುತ್ತಿಕೊಂಡು ಮಂಜುಗಡ್ಡೆಯ ದಾರಿಗೆ ಇಳಿದು ಪೂರ್ವಕ್ಕೆ ನಡೆದ. ಎದುರಿಗೆ ಬಂದ ಅಂಚೆ ಗಾಡಿಯವನು ಅವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದದ್ದನ್ನು ನಾವು ನಾಲ್ವರೂ ಕಿಟಕಿಯಲ್ಲಿ ನೋಡಿದೆವು.

ಫೋನ್ ಮಾಡಿ ಹೇಳಬೇಕಿತ್ತು. ಇವತ್ತು ನಿನ್ನ ಧ್ವನಿ ಕೇಳುವ ಶಕ್ತಿ ನನಗಿಲ್ಲ. ಈ ಕಾಗದವನ್ನು ಅಂಚೆಯವನ ಕೈಗೇ ಕೊಡುತ್ತೇನೆ, ಎರಡು ದಿನಕ್ಕೆ ನಿನಗೆ ಸಿಗುತ್ತದೆ. ಅವನು ಬಸ್ಸು ಹತ್ತುವಂತೆ ಕಾಣಲಿಲ್ಲ, ನಡೆದೇ ಬರುತ್ತಾನೆ. ಕಾಗದ ಸಿಕ್ಕ ಮೇಲೆ ನಿನಗೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ಸಿಗಬಹುದು. ಊರು ಬಿಟ್ಟು ಹೋಗಬೇಡ. ಹೋದರೆ ಕೇಳಿಕೊಂಡು ಇಲ್ಲಿಗೇ ಬರುತ್ತಾನೆ, ಆಗ ನಾನು ಇನ್ನೊಂದು ಚೀಟಿ ಬರೆಯಬೇಕಾಗುತ್ತದೆ. ಬರೆಯುತ್ತೇನೆ, ಪಿಲ್ವಿ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅವನು ಅಷ್ಟು ದೂರದಿಂದ ನಡೆದು ಬಂದಿದ್ದ, ಒಲೆಯ ಪಕ್ಕದಲ್ಲಿ ಅವನ ಕುರ್ಚಿ ಖಾಲಿಯಿತ್ತು. ಕೂತ್ಕೋ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿದೆ.

ನೀನಾದರೂ ಹೇಳು.

ಎಂಡ್ಲಾ